ಕರಡು ತಿದ್ದುವವಳ ಕಣ್ಣಲ್ಲಿ ಆಂಟ್‌ವರ್ಪ್‌ನ ಪ್ಲಾಂಟಿನ್-ಮೊರೆಟಸ್ ಮ್ಯೂಸಿಯಂ

ಮುದ್ರಣದ ಇತಿಹಾಸ ನೋಡಬೇಕೆಂದು ಯುರೋಪಿಗೆ ಹೋಗುವವರು ಸಾಮಾನ್ಯವಾಗಿ ಯುರೋಪಿನಲ್ಲಿ ಅಚ್ಚುಮೊಳೆಯ ಮುದ್ರಣ ಶುರುಮಾಡಿದ ಗುಟೆನ್‌ಬರ್ಗ್ ಹೆಸರು ಹಿಡಿದು ಜರ್ಮನಿಯ ಮೈಂಟ್ಸ್ ದಾರಿ ಹಿಡಿಯುತ್ತಾರೆ. ಒಂದೇ ಊರಿಗೆ ಸಮಯವಿದೆ ಎನ್ನುವವರಿಗೆ ನಾನು ಬೆಲ್ಜಿಯಂನ ಆಂಟ್‌ವರ್ಪ್ ಹೇಳುತ್ತೇನೆ. ಅಲ್ಲಿನ ಪ್ಲಾಂಟಿನ್-ಮೊರೆಟಸ್ ಮ್ಯೂಸಿಯಂ ಅಲ್ಲಿಂದ ಇಲ್ಲಿಂದ ತಂದು ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿದ ಸಂಗ್ರಹವಲ್ಲ. ಅದೇ ಊರಿನಲ್ಲಿ ಆಗಲೇ ಅಚ್ಚಿನಮನೆ ನಡೆಸುತ್ತಿದ್ದ ಕ್ರಿಸ್ಟೋಫ್ ಪ್ಲಾಂಟಿನ್ ಎಂಬ ಫ್ರೆಂಚ್ ಮುದ್ರಕ 1576ರಲ್ಲಿ ಬಂದು ಸೇರಿದ ಮನೆ ಅದು. ಅವನ ಅಳಿಯ ಯಾನ್ ಮೊರೆಟಸ್‌ನ ವಂಶದವರು 19ನೇ ಶತಮಾನದವರೆಗೂ ಅಲ್ಲೇ ಅಚ್ಚು ಹಾಕಿದರು. ಅಚ್ಚಿನ ಯಂತ್ರ, ಮೊಳೆ (ಒಂದೊಂದು ಅಕ್ಷರದ ಲೋಹದ ಅಚ್ಚು) ಎರಕ ಹೊಯ್ಯುವ ಕೋಣೆ, ಪುಸ್ತಕದಂಗಡಿ, ಮಾಲೀಕರ ಮಲಗುವ ಕೋಣೆ, ಲೆಕ್ಕದ ಪುಸ್ತಕ ಎಲ್ಲವೂ ಒಂದೇ ಸೂರಿನಡಿ ಉಳಿದುಕೊಂಡಿವೆ. 1876ರಲ್ಲಿ ಮನೆತನದಿಂದ ಇದನ್ನು ಕೊಂಡು ಮರುವರ್ಷ ಮ್ಯೂಸಿಯಂ ಮಾಡಿದರು. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾನು ಕರಡು ತಿದ್ದುವ ಕೆಲಸದವಳು. ಹಾಗಾಗಿ ಈ ಮನೆಯಲ್ಲಿ ನಾನು ಬಹಳ ಹೊತ್ತು ನಿಂತದ್ದು ಬೇರೆಯವರು ಬೇಗ ದಾಟಿಹೋಗುವ ಒಂದು ಕೋಣೆಯಲ್ಲಿ: ಪ್ರೂಫ್, ಅಂದರೆ ಮೊದಲು ತೆಗೆದ ಕರಡಚ್ಚು, ನೋಡಿ ತಪ್ಪು ತಿದ್ದುವವರ ಕೋಣೆ. ಕಿಟಕಿಯ ಬೆಳಕು ನೇರ ಬೀಳುವ ಹಾಗೆ ಹಾಕಿದ ಭಾರೀ ಓಕ್ ಮರದ ಮೇಜು, ಎದುರುಬದುರು ಕೂರುವ ಪೀಠ. ಅಷ್ಟೇ. ಆದರೆ ಅಚ್ಚು ಸಮಾಜವನ್ನು ಬದಲಿಸಿತು ಎನ್ನುವ ಮಾತಿನ ಅರ್ಧ ಭಾಗ ಆ ಮೇಜಿನ ಮೇಲೆ ನಡೆದ ಕೆಲಸಕ್ಕೆ ಸಲ್ಲಬೇಕು ಎಂದು ನಾನು ನಂಬಿದ್ದೇನೆ. ಕೈಬರಹದ ಕಾಲದಲ್ಲಿ ಪ್ರತಿಯಿಂದ ಪ್ರತಿಗೆ ಹೊಸ ತಪ್ಪು ಸೇರುತ್ತಾ ಹೋಗುತ್ತಿತ್ತು. ಒಬ್ಬ ಲಿಪಿಕಾರ ತಿದ್ದಿದ್ದು ಇನ್ನೊಬ್ಬನಿಗೆ ತಿಳಿಯುತ್ತಲೇ ಇರಲಿಲ್ಲ. ಅಚ್ಚು ಬಂದ ಮೇಲೆ ತಪ್ಪೂ ಸಾವಿರ ಪ್ರತಿಗೆ ಹೋಯಿತು, ತಿದ್ದುಪಡಿಯೂ ಸಾವಿರ ಪ್ರತಿಗೆ ಹೋಯಿತು. ದೂರದೂರದ ಊರುಗಳಲ್ಲಿ ಕುಳಿತವರು ಇಂಥ ಪುಟ, ಇಂಥ ಸಾಲು ಎಂದು ಬೆರಳಿಟ್ಟು ಜಗಳವಾಡಲು ಸಾಧ್ಯವಾಯಿತು. ಅಬ್ರಹಾಂ ಓರ್ಟೆಲಿಯಸ್ ತನ್ನ ಭೂಪಟಗಳ ಪುಸ್ತಕ ಓದಿದವರಿಂದ ತಿದ್ದುಪಡಿ, ಹೊಸ ನಕ್ಷೆ ಕೇಳಿ ಪಡೆದು ಮುಂದಿನ ಆವೃತ್ತಿಗಳನ್ನು ಬೆಳೆಸುತ್ತಾ ಹೋದ. 1579ರಿಂದ ಆ ಪುಸ್ತಕವನ್ನು ಅಚ್ಚು ಮಾಡಿದ್ದು ಪ್ಲಾಂಟಿನ್‌ನ ಅಚ್ಚಿನಮನೆಯೇ.

ಆ ಅಚ್ಚಿನಮನೆಯಲ್ಲಿ ಸುಮಾರು ಅರ್ಧ ಶತಮಾನ ಪ್ರೂಫ್ ನೋಡಿದವನು ಕಾರ್ನೆಲಿಸ್ ಕಿಲಿಯಾನ್. ಹಗಲೆಲ್ಲ ಬೇರೆಯವರ ಬರಹ ತಿದ್ದಿದವನು ಡಚ್ ಭಾಷೆಯ ನಿಘಂಟೊಂದನ್ನು ತಾನೇ ಕಟ್ಟಿದ. 1599ರಲ್ಲಿ ಬಂದ ಅದರ ಆವೃತ್ತಿಯನ್ನು ಆ ಭಾಷೆಯವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಪ್ಲಾಂಟಿನ್‌ನ ಹೆಣ್ಣುಮಕ್ಕಳೂ ಚಿಕ್ಕವರಿದ್ದಾಗಲೇ ಪ್ರೂಫ್ ಓದಲು ನೆರವಾದರು. ನಾಲ್ಕನೆಯವಳು ಮಗ್ದಲೇನಾ ಹದಿಮೂರರ ಆಸುಪಾಸಿನಲ್ಲೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಕರಡಚ್ಚುಗಳನ್ನು ಹೊತ್ತು ವಿದ್ವಾಂಸ ಆರಿಯಾಸ್ ಮೊಂಟಾನೊ ಇದ್ದಲ್ಲಿಗೆ ಹೋಗಿ, ಮೂಲ ಪಠ್ಯ ಓದಿ ತಾಳೆ ನೋಡಿಸುತ್ತಿದ್ದಳು. ಅಪ್ಪ 1570ರಲ್ಲಿ ಬರೆದ ಪತ್ರದಿಂದ ನಮಗೆ ಇದು ತಿಳಿದಿದೆ. ಮುದ್ರಣದ ಚರಿತ್ರೆ ಹೇಳುವಾಗ ಅವಳ ಹೆಸರನ್ನು ಯಾರೂ ಬಿಡಬಾರದು.

ಅವಳು ಹೊತ್ತೊಯ್ಯುತ್ತಿದ್ದದ್ದು ಬಹುಭಾಷಾ ಬೈಬಲ್‌ನ ಕರಡು. 1568ರಿಂದ 1573ರವರೆಗೆ ನಡೆದ ಕೆಲಸ, 8 ಸಂಪುಟ, 5 ಭಾಷೆ, ಸುಮಾರು 1,200 ಪ್ರತಿ. ಹೀಬ್ರೂ, ಅರಮೇಯಿಕ್, ಸಿರಿಯಾಕ್, ಗ್ರೀಕ್, ಲ್ಯಾಟಿನ್ ಒಂದರ ಪಕ್ಕ ಒಂದು ಸಾಲಾಗಿ ನಿಂತ ಪುಟಗಳು. ಬಲದಿಂದ ಎಡಕ್ಕೆ ಓದುವ ಭಾಷೆ, ಎಡದಿಂದ ಬಲಕ್ಕೆ ಓದುವ ಭಾಷೆ ಒಂದೇ ಫಾರಮಿನಲ್ಲಿ (ಒಟ್ಟಿಗೆ ಅಚ್ಚಾಗುವ ಮೊಳೆಗಳ ಚೌಕಟ್ಟು) ಬಿಗಿದು ಕೂರಿಸುವುದು ಎಂಥ ಕಷ್ಟ ಎಂಬುದು ಈ ಕೆಲಸ ಗೊತ್ತಿದ್ದವರಿಗೆ ನೋಡುತ್ತಲೇ ಮೈ ಜುಮ್ಮೆನಿಸುತ್ತದೆ. ಬೆಂಬಲಿಸಿದವನು ಆಗ ಆಂಟ್‌ವರ್ಪ್ ಅನ್ನೂ ಆಳುತ್ತಿದ್ದ ಸ್ಪೇನಿನ ದೊರೆ ಎರಡನೇ ಫಿಲಿಪ್. ಅವನು ಕೊಟ್ಟ ಹಣ ಸಾಲದೆ ಪ್ಲಾಂಟಿನ್ ಸಾಲದಲ್ಲಿ ಮುಳುಗಿದ. ಆದರೆ ಅದೇ ದೊರೆಯ ರಾಜ್ಯಕ್ಕೆ ಪೂಜಾಪುಸ್ತಕ ಒದಗಿಸುವ ಹಕ್ಕು ಸಿಕ್ಕಿತು, ಅದರ ಆದಾಯ ಮನೆತನವನ್ನು ತಲೆಮಾರುಗಟ್ಟಲೆ ಕಾಪಾಡಿತು.

ಅಚ್ಚು ಹಾಕುವ ಕೋಣೆಯೇ ಹೆಚ್ಚಿನವರಿಗೆ ಇಷ್ಟವಾಗುವುದು, ಅದು ಸಹಜ. ಒಂದು ಕಡೆ ಮೊಳೆಗಳ ಖಾನೆಗಳ ಸಾಲು, ಇನ್ನೊಂದು ಕಡೆ ಮರದ ಯಂತ್ರಗಳ ಸಾಲು. ಕೊನೆಯ ಗೋಡೆಗೆ ಒತ್ತಿದಂತೆ ಎರಡು ಯಂತ್ರಗಳಿವೆ, 1600ರ ಸುಮಾರಿನವು. ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಅಚ್ಚಿನ ಯಂತ್ರಗಳು ಅವೇ. ನೋಡಲು ಆಡಂಬರವೇನಿಲ್ಲ: ದಪ್ಪ ಮರದ ಚೌಕಟ್ಟು, ನಡುವೆ ತಿರುಪು, ಎಳೆಯಲು ಹಿಡಿ. ಒಬ್ಬ ತೊಗಲಿನ ಚೆಂಡಿನಿಂದ ಶಾಯಿ ತಟ್ಟಬೇಕು, ಇನ್ನೊಬ್ಬ ಹಾಳೆ ಇಟ್ಟು ಹಿಡಿ ಎಳೆಯಬೇಕು. ಹೀಗೆ ಇಬ್ಬರು ಸೇರಿ ದಿನಕ್ಕೆ ಸುಮಾರು 1,250 ಹಾಳೆಗಳ ಎರಡೂ ಮಗ್ಗುಲು ಮುಗಿಸಬೇಕಿತ್ತು. ಅಂದರೆ 2,500 ಸಲ ಎಳೆತ. 1570ರ ದಶಕದ ನಡುವಿನಲ್ಲಿ ಪ್ಲಾಂಟಿನ್ ಬಳಿ ಇಂಥ 16 ಯಂತ್ರಗಳಿದ್ದವು, ಕೆಲಸಗಾರರು 50ಕ್ಕೂ ಹೆಚ್ಚು. ಜ್ಞಾನಪ್ರಸಾರ ಎಂದು ನಾವು ಸುಲಭವಾಗಿ ಹೇಳುವ ಮಾತು ಯಾರ ರಟ್ಟೆಯಲ್ಲಿತ್ತು ಎಂಬುದು ಆ ಹಿಡಿಯ ಮುಂದೆ ನಿಂತರೆ ತಿಳಿಯುತ್ತದೆ.

ಮೊಳೆಯ ಖಾನೆಗಳ ಮುಂದೆ ಒಂದು ಸೂಕ್ಷ್ಮ ಗಮನಿಸಿ. ಮೊಳೆ ದುಬಾರಿ, ಇಡೀ ಪುಸ್ತಕಕ್ಕೆ ಆಗುವಷ್ಟು ಸಾಮಾನ್ಯವಾಗಿ ಯಾರ ಬಳಿಯೂ ಇರುತ್ತಿರಲಿಲ್ಲ. ಕೆಲವು ಪುಟ ಜೋಡಿಸಿ, ಅಚ್ಚು ಹಾಕಿ, ಬಿಚ್ಚಿ, ಅದೇ ಮೊಳೆಗಳಿಂದ ಮುಂದಿನ ಪುಟ ಜೋಡಿಸಬೇಕು. ಹಾಗಾಗಿ ಪ್ರೂಫ್ ಓದುವವನಿಗೆ ನಿಧಾನಿಸುವ ಅವಕಾಶವೇ ಇಲ್ಲ. ಅಚ್ಚು ನಡೆಯುತ್ತಿರುವಾಗ ತಪ್ಪು ಕಣ್ಣಿಗೆ ಬಿದ್ದರೆ ಯಂತ್ರ ನಿಲ್ಲಿಸಿ ಮೊಳೆ ಬದಲಿಸುತ್ತಿದ್ದರು. ಆಗಲೇ ಅಚ್ಚಾದ ಹಾಳೆಗಳನ್ನು ಮಾತ್ರ ಎಸೆಯುತ್ತಿರಲಿಲ್ಲ, ಕಾಗದ ಅಷ್ಟು ಬೆಲೆಯದು. ಆ ಕಾಲದ ಒಂದೇ ಪುಸ್ತಕದ ಎರಡು ಪ್ರತಿಗಳಲ್ಲಿ ವ್ಯತ್ಯಾಸ ಸಿಗುವುದು ಇದರಿಂದಲೇ. ಉಳಿದ ತಪ್ಪುಗಳಿಗೆ ಪುಸ್ತಕದ ಕೊನೆಯಲ್ಲಿ ತಪ್ಪೊಪ್ಪೋಲೆ, ಅಂದರೆ ತಪ್ಪು-ಸರಿಗಳ ಪಟ್ಟಿ.

ಪುಸ್ತಕದಂಗಡಿಯಲ್ಲಿ ನನ್ನ ಮನಸ್ಸು ಭಾರವಾಯಿತು. 1562ರಲ್ಲಿ ಪ್ಲಾಂಟಿನ್ ಪ್ಯಾರಿಸ್‌ನಲ್ಲಿದ್ದಾಗ ಅವನ ಅಚ್ಚಿನಮನೆಯಿಂದ ಸರಕಾರ ನಿಷೇಧಿಸಿದ್ದ ಪ್ರಾಟೆಸ್ಟಂಟ್ ಕ್ಯಾಲ್ವಿನ್ ಪಂಥದ ಪ್ರಾರ್ಥನೆಯ ಕಿರುಪುಸ್ತಕವೊಂದು ಹೊರಬಂದಿತೆಂದು ಅಧಿಕಾರಿಗಳು ದಾಳಿ ಮಾಡಿದರು. ಅವನ ಸಾಮಾನೆಲ್ಲ ಹರಾಜಾಯಿತು. ಹಾಗೆ ಎಲ್ಲ ಕಳೆದುಕೊಂಡವನೇ ಮುಂದೆ 1570ರಲ್ಲಿ ನಿಷೇಧಿತ ಪುಸ್ತಕಗಳ ಪಟ್ಟಿಯನ್ನು ಸರಕಾರಕ್ಕಾಗಿ ಅಚ್ಚು ಮಾಡಿದ. ಹೇಡಿತನ ಎಂದು ಬಿಡುವುದು ಸುಲಭ, ನಾನು ಹಾಗೆ ಹೇಳಲಾರೆ. ಹತ್ತಾರು ಸಂಸಾರಗಳು ಅವನ ಕೂಲಿಯಿಂದ ಉಣ್ಣುತ್ತಿದ್ದವು, ಊರು ಯುದ್ಧದ ಬಾಯಲ್ಲಿತ್ತು. 1576ರಲ್ಲಿ ಸ್ಪೇನಿನ ಸೈನಿಕರು ಆಂಟ್‌ವರ್ಪ್ ಸೂರೆ ಮಾಡಿದಾಗ ಅವನು ಮತ್ತೆ ಮತ್ತೆ ಹಣ ಕೊಟ್ಟು ಮನೆ ಉಳಿಸಿಕೊಳ್ಳಬೇಕಾಯಿತು. ಆದರೂ ಯಾವುದನ್ನು ಓದಬಾರದು ಎಂದು ಜನರಿಗೆ ಸಾರಲು ಅಧಿಕಾರಕ್ಕೂ ಅಚ್ಚೇ ಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ. ಮುದ್ರಣವನ್ನು ಬರೀ ಬಿಡುಗಡೆಯ ಕಥೆಯಾಗಿ ಹೇಳುವ ಪುಸ್ತಕಗಳು ಈ ಭಾಗವನ್ನು ಜಾರಿಸಿಬಿಡುತ್ತವೆ.

ರೂಬೆನ್ಸ್ ಬರೆದ ಭಾವಚಿತ್ರಗಳಿರುವ ದೊಡ್ಡ ಹಜಾರ ಸುಂದರವಾಗಿದೆ. ಚಿತ್ರಕಲೆ ಬಲ್ಲವರು ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ, ನಾನು ಬೇಗ ಮುಂದೆ ನಡೆದೆ. ಮೊಳೆ ಎರಕದ ಕೋಣೆಗೆ ಮಾತ್ರ ಸಮಯ ಉಳಿಸಿಕೊಳ್ಳಿ. ಉಕ್ಕಿನ ಕಡ್ಡಿಯ ತುದಿಯಲ್ಲಿ ಕೆತ್ತಿದ ಅಕ್ಷರ, ಅದನ್ನು ತಾಮ್ರದ ಮೇಲೆ ಹೊಡೆದು ಮಾಡಿದ ಪಡಿಯಚ್ಚು, ಅದರಲ್ಲಿ ಸುರಿದ ಲೋಹದ ಮೊಳೆ ಎಂಬ ಸರಣಿ ಅಲ್ಲಿ ಕಣ್ಣಾರೆ ಅರ್ಥವಾಗುತ್ತದೆ. ಕ್ಲಾಡ್ ಗ್ಯಾರಮಾಂಡ್ ಕೆತ್ತಿದ ಅಕ್ಷರಗಳೂ ಈ ಸಂಗ್ರಹದಲ್ಲಿವೆ. ಇಂದಿನ ಕಂಪ್ಯೂಟರುಗಳಲ್ಲಿ ಅವನ ಹೆಸರಿನ ಫಾಂಟ್ ಬಳಸುವವರು ಮೂಲ ಕೆತ್ತನೆ ಎಷ್ಟು ಸಣ್ಣದೆಂದು ನೋಡಿದರೆ ಬೆರಗಾಗುತ್ತಾರೆ.

ಚಿತ್ರ ಅಚ್ಚು ಹಾಕಲು ಬಳಸಿದ ಮರದ ತುಂಡುಗಳು ಇಲ್ಲಿ ಸುಮಾರು 14,000 ಇವೆ. ರೆಂಬರ್ಟ್ ಡೊಡೋನ್ಸ್‌ನ ಸಸ್ಯಗ್ರಂಥವನ್ನು ಪ್ಲಾಂಟಿನ್ 1583ರಲ್ಲಿ ಅಚ್ಚು ಮಾಡಿದ. ಒಬ್ಬರ ಪುಸ್ತಕಕ್ಕೆಂದು ಕೆತ್ತಿದ ಗಿಡದ ಚಿತ್ರ ಇನ್ನೊಬ್ಬರ ಪುಸ್ತಕಕ್ಕೂ ಹೋಗುತ್ತಿತ್ತು. ಇದರಿಂದ ಬೇರೆಬೇರೆ ದೇಶದ ವೈದ್ಯರ ಮುಂದೆ ಒಂದೇ ಚಿತ್ರ ಬಂತು, ಯಾವ ಗಿಡ ಎಂಬ ಗೊಂದಲ ತಗ್ಗಿತು. ಇದೇ ಮುದ್ರಕನ ಹಾಲೆಂಡಿನ ಲೈಡನ್ ಶಾಖೆಯಿಂದ 1585ರಲ್ಲಿ ಸಿಮೋನ್ ಸ್ಟೆವಿನ್‌ನ ಪುಟ್ಟ ಹೊತ್ತಗೆಯೊಂದು ಬಂತು. ದಶಮಾಂಶದ ಲೆಕ್ಕವನ್ನು ಲ್ಯಾಟಿನ್ ಬಿಟ್ಟು ಜನರಾಡುವ ಡಚ್ ಭಾಷೆಯಲ್ಲಿ, ನೆಲ ಅಳೆಯುವವರಿಗೆ, ಬಟ್ಟೆ ಅಳೆಯುವವರಿಗೆ, ವರ್ತಕರಿಗೆ ಕಲಿಸಿದ ಹೊತ್ತಗೆ. ಎಂಟು ಸಂಪುಟದ ಬೈಬಲ್‌ಗಿಂತ ಇದೇ ಹೆಚ್ಚು ಜನರ ದಿನನಿತ್ಯವನ್ನು ಬದಲಿಸಿತು ಎಂದು ನನಗನಿಸುತ್ತದೆ.

ಹೋಗುವವರಿಗೆ ಎರಡು ಮಾತು. ಸೋಮವಾರ ಮ್ಯೂಸಿಯಂ ಮುಚ್ಚಿರುತ್ತದೆ. ಊರ ನಡುವಿನ ದೊಡ್ಡ ಚೌಕದಿಂದ ನಡೆದೇ ಹೋಗಬಹುದು. ಹಳೆಯ ಪುಸ್ತಕಗಳ ರಕ್ಷಣೆಗಾಗಿ ಬೆಳಕು ಕಡಿಮೆ ಇಡುತ್ತಾರೆ, ಆದ್ದರಿಂದ ಓದುವ ಕನ್ನಡಕ ಮರೆಯಬೇಡಿ. ಯಂತ್ರದ ಪ್ರಾತ್ಯಕ್ಷಿಕೆ ಯಾವಾಗ ಎಂದು ಮೊದಲೇ ಕೇಳಿಕೊಳ್ಳಿ. ಅರ್ಧ ದಿನಕ್ಕಿಂತ ಕಡಿಮೆ ಇಟ್ಟುಕೊಂಡು ಹೋಗಬೇಡಿ. ಅಷ್ಟು ದೂರ ಹೋಗಲಾಗದವರಿಗೂ ದಾರಿಯಿದೆ: ಆ ಮರದ ಅಚ್ಚುಗಳ ಚಿತ್ರಗಳನ್ನು ಮ್ಯೂಸಿಯಂನವರು ಅಂತರಜಾಲದಲ್ಲಿ ಉಚಿತವಾಗಿ, ದೊಡ್ಡ ಗಾತ್ರದಲ್ಲಿ, ಯಾರು ಬೇಕಾದರೂ ಬಳಸುವಂತೆ ಇಟ್ಟಿದ್ದಾರೆ. ಮೊದಲು ಗಿಡಗಳ ಚಿತ್ರ ತೆಗೆದು ನೋಡಿ.