ಬಡಗಿಗೆ "ನೋಡೋಣ" ಎಂದೆ, ಕೆಟ್ಟೆ

ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ದರ ಕೇಳಿ ಹಾಗೇ ಬಿಟ್ಟಿರುವ ಕೆಲಸಗಾರರು ಯಾರಾದರೂ ಇದ್ದರೆ ಅವರಿಗೆ ಇವತ್ತೇ "ಬೇಡ" ಎಂದು ಬರೆದು ಕಳುಹಿಸಿ. ನಾನು ಕಳುಹಿಸಲಿಲ್ಲ. ಆ ಒಂದು ಪದ ಹೇಳಲು ಸಂಕೋಚಪಟ್ಟು 13,000 ರೂಪಾಯಿ ತೆತ್ತೆ, ಬಾಗಿಲಿನ ಮುಹೂರ್ತವನ್ನೂ ಕಳೆದುಕೊಂಡೆ.

ಬೆಂಗಳೂರಿನ ಉಲ್ಲಾಳ ಉಪನಗರದ ಹತ್ತಿರ ನಮ್ಮದು 30–40ರ ಸೈಟು. ತಳಪಾಯ ಮುಗಿದು ಗೋಡೆ ಏಳುವ ಹೊತ್ತು. ಆಷಾಢ ಹಿಡಿಯುವುದರೊಳಗೆ ಮುಖ್ಯ ಬಾಗಿಲು ನಿಲ್ಲಿಸಬೇಕೆಂದು ಅತ್ತೆಯವರ ಆಸೆ, ಪುರೋಹಿತರು ದಿನವನ್ನೂ ನೋಡಿಕೊಟ್ಟಿದ್ದರು. ಮೂವರು ಬಡಗಿಗಳಿಂದ ದರ ಕೇಳಿದೆ, ಎಲ್ಲರೂ ಮಾಡುವ ಹಾಗೆ. ಒಬ್ಬರಿಗೆ ನಮ್ಮ ಸೈಟು ದೂರವಾಯಿತು. ಇನ್ನೊಬ್ಬರನ್ನು ಗೊತ್ತುಮಾಡಿದೆ. ಮೂರನೆಯವರು ನನ್ನ ಷಡ್ಡಕ ಕಳುಹಿಸಿದವರು. ತೊಡಕು ಶುರುವಾದದ್ದು ಅಲ್ಲೇ.

ಅವರು ಬಂದರು, ಅಳತೆ ತೆಗೆದುಕೊಂಡರು, ತೇಗಕ್ಕೆ ಘನ ಅಡಿಗೆ 4,000, ಕೂಲಿ ಬೇರೆ ಎಂದರು. ನನಗೆ ಹೆಚ್ಚೆನಿಸಿತು. ಇವರಿಗೆ ಕೆಲಸ ಕೊಡುವುದಿಲ್ಲ ಎಂದು ಅಲ್ಲೇ, ಆ ಕ್ಷಣವೇ ತೀರ್ಮಾನಿಸಿದ್ದೆ. ಆದರೂ ಬಾಯಿಂದ ಬಂದದ್ದು, "ನೋಡೋಣ, ಮನೆಯಲ್ಲಿ ಮಾತಾಡಿ ಹೇಳುತ್ತೇನೆ." ಷಡ್ಡಕನಿಗೆ ಬೇಸರವಾದೀತು ಎಂಬ ದಾಕ್ಷಿಣ್ಯ, ಅಷ್ಟೇ.

ಹೊರಡುವಾಗ, "ಸಾರ್, ಅಳತೆಗೆಂದು ಅರ್ಧ ದಿನ ಹೋಯಿತು, ಪೆಟ್ರೋಲಿಗಾದರೂ ಏನಾದರೂ ಕೊಡಿ" ಎಂದರು. ನ್ಯಾಯವೇ ಅನ್ನಿಸಿತು. ಮೊಬೈಲಿನಲ್ಲಿ 1,000 ಹಾಕಲು ಹೊರಟೆ. ಆಗ ಅವರು, "ಯಾವ ಹಣ ಎಂದು ನನಗೆ ಮರೆತುಹೋಗುತ್ತದೆ ಸಾರ್, ಕೆಳಗೆ 'ಬಾಗಿಲು' ಎಂದು ಬರೆದುಬಿಡಿ" ಎಂದರು.

ಬರೆದೆ. ಬ್ಯಾಂಕಿನ ಸಾಲ ವಿಭಾಗದಲ್ಲಿ 22 ವರ್ಷ ಕೂತವನು ನಾನು. ಕಾಗದದಲ್ಲಿ ಒಂದು ಪದ ಆಚೀಚೆಯಾದರೆ ವಾಪಸ್ ಕಳುಹಿಸುವವನು. "ಪೆಟ್ರೋಲ್" ಎಂದು ಬರೆಯುವ ಕಡೆ "ಬಾಗಿಲು" ಎಂದು ನನ್ನ ಕೈಯಾರೆ ಬರೆದುಕೊಟ್ಟೆ. ಇದನ್ನು ನೆನೆಸಿಕೊಂಡು ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ.

ಆಮೇಲೆ ಎರಡು ಸಲ ಫೋನ್ ಮಾಡಿದರು. "ಸಾರ್, ಮರ ನೋಡಲೇ?" "ನೋಡಿರಿ, ನಾನು ಹೇಳುತ್ತೇನೆ" ಎಂದೆ. ಎರಡು ಸಲವೂ ಅದೇ ಮಾತು. ಆಗಲೂ "ಬೇಡ" ಎನ್ನಬಹುದಿತ್ತು.

ಹತ್ತನೆಯ ದಿನ ಬೆಳಿಗ್ಗೆ ಆರೂವರೆಗೆ ವಾಚ್‌ಮನ್ ಕರೆ ಮಾಡಿ, ಟೆಂಪೊದಲ್ಲಿ ಮರ ಬಂದು ಇಳಿಯುತ್ತಿದೆ ಎಂದ. ಓಡಿದೆ. ಚೌಕಟ್ಟಿನ ನಾಲ್ಕು ತುಂಡು ಕೊಯ್ದು ಇಳಿಸಿಯಾಗಿತ್ತು. ಕೈಗೆ ಚೀಟಿ ಕೊಟ್ಟರು: ನಾಲ್ಕೂವರೆ ಘನ ಅಡಿ ಮರಕ್ಕೆ 18,000, ಕೂಲಿ 6,000.

"ನಾನು ನಿಮಗೆ ಕೆಲಸವನ್ನೇ ಕೊಟ್ಟಿಲ್ಲವಲ್ಲ!"

ಅವರು ಜಗಳಕ್ಕೆ ಬರಲಿಲ್ಲ. ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. 1,000 ರೂಪಾಯಿ. ಅದರ ಕೆಳಗೆ: ಬಾಗಿಲು.

"ಮುಂಗಡ ಕೊಟ್ಟು ಈಗ ಕೊಟ್ಟೇ ಇಲ್ಲ ಎನ್ನುತ್ತೀರಲ್ಲ ಸಾರ್. ಮರ ನೋಡಿರಿ ಎಂದವರೂ ನೀವೇ. ಕೊಯ್ದ ಮರವನ್ನು ಯಾವ ಮಂಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ?"

ಗಾರೆ ಮೇಸ್ತ್ರಿ, ಕೂಲಿಯವರು, ಎದುರುಮನೆಯವರು ಎಲ್ಲರೂ ನೋಡುತ್ತಿದ್ದರು. ನನ್ನ ಹೆಂಡತಿ ಆ ಮೊಬೈಲನ್ನು ಇಸಿದುಕೊಂಡು ಓದಿದಳು, ನನ್ನ ಮುಖ ನೋಡಿದಳು. ಒಂದು ಮಾತೂ ಆಡಲಿಲ್ಲ.

ಟೇಪು ತರಿಸಿ ನಾನೇ ಅಳೆದೆ. 5 ಇಂಚು ಅಗಲ, 3 ಇಂಚು ದಪ್ಪ; 7 ಅಡಿಯ ಎರಡು, 4 ಅಡಿಯ ಎರಡು. ಒಟ್ಟು 22 ಅಡಿ ಉದ್ದ. ಅಗಲವನ್ನು ದಪ್ಪದಿಂದ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ 2.3 ಘನ ಅಡಿ ಕೂಡ ತುಂಬುವುದಿಲ್ಲ. ಕೇಳಿದರೆ, "ಕೊಯ್ಯುವಾಗ ಸವೆಯುತ್ತದೆ ಸಾರ್." ಅರ್ಧಕ್ಕರ್ಧ ಸವೆಯುತ್ತದೆಯೇ ಎಂದೆ. "ನಿಮ್ಮದು ಬ್ಯಾಂಕಿನ ಲೆಕ್ಕ, ಇದು ಮರದ ಲೆಕ್ಕ" ಎಂದರು. ಈ ಮಾತು ಇನ್ನೂ ಕಿವಿಯಲ್ಲಿದೆ. ಸಾಲದ್ದಕ್ಕೆ ಒಂದು ತುಂಡಿನ ಅಂಚಿಡೀ ಬೆಳ್ಳಗಿತ್ತು. ಅದು ಚೇಗಲ್ಲ, ಎಂದರೆ ಮರದ ಒಳಗಿನ ಗಟ್ಟಿ ತಿರುಳಲ್ಲ. ಗೆದ್ದಲು ಮೊದಲು ಹಿಡಿಯುವುದೇ ಆ ಬಿಳಿ ಭಾಗವನ್ನು.

ಹತ್ತು ಗಂಟೆಗೆ ನಾನು ಗೊತ್ತುಮಾಡಿದ್ದ ಬಡಗಿ ಬಂದರು. ಇಳಿಸಿದ್ದ ಮರ ನೋಡಿ ಸ್ಕೂಟರಿನಿಂದ ಕೆಳಗೂ ಇಳಿಯಲಿಲ್ಲ. "ಇನ್ನೊಬ್ಬರು ಸಾಮಾನು ಇಳಿಸಿದ ಜಾಗದಲ್ಲಿ ನಾನು ಕೈ ಹಾಕುವುದಿಲ್ಲ. ಅವರದ್ದು ಬಗೆಹರಿಸಿ, ಆಮೇಲೆ ಕರೆಯಿರಿ." ಅವರನ್ನು ದೂರುವುದಿಲ್ಲ. ನಾಳೆ ಇನ್ನೊಂದು ಸೈಟಿನಲ್ಲಿ ಅವರಿಬ್ಬರೂ ಮುಖ ನೋಡಬೇಕಾದವರು.

ಷಡ್ಡಕನಿಗೆ ಫೋನ್ ಮಾಡಿದೆ. ಯಾರ ಮುಖ ನೋಡಿ "ಬೇಡ" ಎನ್ನಲಿಲ್ಲವೋ ಅವರಿಗೆ. "ಅಯ್ಯೋ, ನನಗೂ ಅವರ ಪರಿಚಯ ಅಷ್ಟಿಲ್ಲ. ನಮ್ಮ ಕಚೇರಿಯಲ್ಲಿ ಯಾರೋ ಹೇಳಿದ್ದರು, ನಿಮಗೆ ನಂಬರ್ ಕೊಟ್ಟೆ. ಇಷ್ಟವಿಲ್ಲದಿದ್ದರೆ ಬೇಡ ಎನ್ನಬಹುದಿತ್ತಲ್ಲ?"

ಎನ್ನಬಹುದಿತ್ತು.

ಆರು ದಿನ ಎಳೆದಾಟವಾಯಿತು. ಕೊನೆಗೆ ಇನ್ನೂ 12,000 ಕೊಟ್ಟೆ. ಮರವನ್ನೂ ಅವರೇ ತುಂಬಿಕೊಂಡು ಹೋದರು. ಹಣವೂ ಅವರಿಗೆ, ಮರವೂ ಅವರಿಗೆ. ಅಷ್ಟರಲ್ಲಿ ಮುಹೂರ್ತ ಕಳೆದಿತ್ತು. ಬಾಗಿಲಿನ ಜಾಗ ಬಿಟ್ಟು ಗೋಡೆ ಎಬ್ಬಿಸಿದೆವು, ಶ್ರಾವಣದವರೆಗೆ ಆ ಜಾಗ ಬಾಯಿ ತೆರೆದುಕೊಂಡೇ ಇತ್ತು. ಸೈಟಿಗೆ ಬಂದಾಗಲೆಲ್ಲ ಅತ್ತೆಯವರು ಅಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದರು.

"ಅವರೂ ದುಡಿದು ತಿನ್ನುವವರು, ನೀವು ನೇರವಾಗಿ ಹೇಳಿದ್ದರೆ ಬೇರೆ ಕೆಲಸ ಹಿಡಿಯುತ್ತಿದ್ದರು" ಎಂದು ಹೆಂಡತಿ ಹೇಳುತ್ತಾಳೆ. ಇರಬಹುದು. ಹಾಗಾದರೆ "ಬಾಗಿಲು" ಎಂದು ಬರೆಸಿಕೊಂಡದ್ದು ಯಾಕೆ? ನಾಲ್ಕೂವರೆ ಘನ ಅಡಿ ಎಂದು ಚೀಟಿ ಬರೆದದ್ದು ಯಾಕೆ?

ಬಡಗಿಯಾಗಲಿ, ಟೈಲ್ಸ್‌ನವರಾಗಲಿ, ಗ್ರಿಲ್‌ನವರಾಗಲಿ, "ನೋಡೋಣ" ಎಂದರೆ ಅವರ ಲೆಕ್ಕದಲ್ಲಿ ಅದು ಒಪ್ಪಿಗೆ. ಕೊಡುವುದಿಲ್ಲ ಎಂದು ನಿಮಗೆ ಗೊತ್ತಾದ ದಿನವೇ, "ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದೇವೆ, ಕಾಯಬೇಡಿ" ಎಂದು ಬರೆದು ಕಳುಹಿಸಿ. ಅಳತೆಗೆ ಬಂದವರಿಗೆ ಹಣ ಕೊಡುವುದಾದರೆ "ಓಡಾಟದ ಖರ್ಚು" ಎಂದೇ ಬರೆಯಿರಿ, ಅವರು ಹೇಳಿಕೊಟ್ಟದ್ದನ್ನು ಬರೆಯಬೇಡಿ. ಕಾರಣವನ್ನಂತೂ ಹೇಳಲೇಬೇಡಿ. ದರ ಹೆಚ್ಚು ಎಂದರೆ ಇಳಿಸುತ್ತೇನೆ ಎನ್ನುತ್ತಾರೆ, ಸಮಯವಿಲ್ಲ ಎಂದರೆ ಕಾಯುತ್ತೇನೆ ಎನ್ನುತ್ತಾರೆ.

ಮೊನ್ನೆ ಅವರದೇ ಫೋನ್ ಬಂತು. "ಸಾರ್, ಒಳಬಾಗಿಲುಗಳ ಕೆಲಸ ಯಾವಾಗ ಶುರು ಮಾಡೋಣ?"

"ಬೇಡ" ಎಂದೆ.

"ಯಾಕೆ ಸಾರ್?"

"ಬೇಡ" ಎಂದು ಇನ್ನೊಮ್ಮೆ ಹೇಳಿ ಫೋನ್ ಇಟ್ಟೆ.