ಮೂರು ವರ್ಷ, ಮೂರು ಲ್ಯಾಪ್‌ಟಾಪ್, ಕೈಕೊಟ್ಟಿದ್ದು ಹಿಂಜ್

ಹೋದ ವರ್ಷ ಐದು ತಿಂಗಳು ನಾನು ಲ್ಯಾಪ್‌ಟಾಪ್‌ನ ಎಡಮೂಲೆಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿಕೊಂಡು ಕೆಲಸ ಮಾಡಿದ್ದೇನೆ. ತಮಾಷೆಗೆ ಹೇಳುತ್ತಿಲ್ಲ. ಕ್ಲಿಪ್ ತೆಗೆದರೆ ಸ್ಕ್ರೀನಿನ ಚೌಕಟ್ಟು ಬಾಯಿ ಬಿಡುತ್ತಿತ್ತು. 14 ಇಂಚಿನ, 1.3 ಕೆ.ಜಿ. ತೂಕದ, ನೋಡಲು ತುಂಬ ಚೆಂದದ ಲ್ಯಾಪ್‌ಟಾಪ್ ಅದು. ಕೊಳ್ಳುವ ಮುಂಚೆ ಹದಿನೈದು ದಿನ ತಲೆ ಕೆಡಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಐದು ಮಾಡೆಲ್ ಹೋಲಿಸಿದ್ದೆ. ಪ್ರಾಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಸ್ಕ್ರೀನ್, ಬ್ಯಾಟರಿ, ಎಲ್ಲಕ್ಕೂ ಒಂದೊಂದು ಕಾಲಂ ಇತ್ತು. ಸ್ಕ್ರೀನು ತೆರೆದು ಮುಚ್ಚಲು ಇರುವ ಬಿಜಾಗರಿಗೆ, ಅಂದರೆ ಹಿಂಜ್‌ಗೆ ಮಾತ್ರ ಇರಲಿಲ್ಲ.

ನಾನು ಅನುವಾದ ಮಾಡುವವಳು. ದಿನಕ್ಕೆ ಏಳೆಂಟು ಗಂಟೆ ಕನ್ನಡ ಟೈಪ್ ಮಾಡುತ್ತೇನೆ. ಅದರ ಜೊತೆಗೆ ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್, ಎರಡು ಮೂರು ಪಿಡಿಎಫ್, ಆಗಾಗ ಒಂದು ವಿಡಿಯೊ ಕಾಲ್. ಇಷ್ಟಕ್ಕೆ ಭಾರಿ ಪ್ರಾಸೆಸರ್ ಬೇಕಾಗಿಲ್ಲ ಅಂತ ಗೊತ್ತಿತ್ತು. ಹಾಗಾಗಿ ಹೆಸರಿನ ಕೊನೆಗೆ ‘ಯು’ ಅಂತ ಇರುವ, 15 ವ್ಯಾಟ್‌ನ ಪ್ರಾಸೆಸರ್ ಆರಿಸಿಕೊಂಡೆ. ‘ಎಚ್’ ಅಂತ ಇದ್ದರೆ ಸಾಮಾನ್ಯವಾಗಿ 45 ವ್ಯಾಟ್. ವೇಗ ಜಾಸ್ತಿ, ಬಿಸಿಯೂ ಜಾಸ್ತಿ, ಫ್ಯಾನಿನ ಸದ್ದೂ ಜಾಸ್ತಿ. ಆ ಆಯ್ಕೆ ಇವತ್ತಿಗೂ ಸರಿ ಅಂತಲೇ ಅನಿಸುತ್ತದೆ. ಮೊದಲ ಎರಡು ವರ್ಷ ಒಂದು ದೂರೂ ಇರಲಿಲ್ಲ.

ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ನನ್ನ ಕೆಲಸ ಶುರು. ಕಿಟಕಿ ಪಕ್ಕದ ಮೇಜಿಗೆ ಲ್ಯಾಪ್‌ಟಾಪ್ ತಂದಿಡುತ್ತೇನೆ. ನಮ್ಮವರ ಹಳೇ ಶೇವಿಂಗ್ ಬ್ರಷ್ ಒಂದು ಡ್ರಾಯರ್‌ನಲ್ಲಿದೆ. ಅದರಲ್ಲಿ ಕೀಬೋರ್ಡಿನ ಧೂಳು ಹೊಡೆಯುತ್ತೇನೆ. ಎಡದಿಂದ ಬಲಕ್ಕೆ, ಒಂದೊಂದು ಸಾಲು. ಆ ಎರಡು ನಿಮಿಷದಲ್ಲಿ ಅವತ್ತಿನ ಮೊದಲ ವಾಕ್ಯ ತಲೆಯಲ್ಲಿ ಸಿದ್ಧವಾಗಿರುತ್ತದೆ. ಆಮೇಲೆ ಮಧ್ಯೆ ಎದ್ದಾಗಲೆಲ್ಲ ಮುಚ್ಚುತ್ತೇನೆ, ಬಂದು ತೆರೆಯುತ್ತೇನೆ. ದಿನಕ್ಕೆ ಹತ್ತು ಸಲ ಅಂತ ಲೆಕ್ಕ ಹಿಡಿದರೂ ಎರಡು ವರ್ಷಕ್ಕೆ ಏಳು ಸಾವಿರ ಸಲ ದಾಟುತ್ತದೆ. ಈ ಲೆಕ್ಕ ನಾನು ಹಾಕಿದ್ದು ಅದು ಮುರಿದ ಮೇಲೆ.

ಮೊದಲು ತೆರೆಯುವಾಗ ಸಣ್ಣಗೆ ಕಿರ್ ಅಂತ ಸದ್ದು ಬರುತ್ತಿತ್ತು. ಹೊಸದರಲ್ಲಿ ಬಿಗಿ ಇದ್ದದ್ದು ಬರಬರುತ್ತಾ ಸಡಿಲ ಆಗಬೇಕಲ್ವಾ? ಇದು ಇನ್ನೂ ಬಿಗಿಯಾಯಿತು. ಒಂದು ದಿನ ನೋಡಿದರೆ ಎಡಗಡೆ ಹಿಂಭಾಗದಲ್ಲಿ ಕೆಳಗಿನ ತಟ್ಟೆಗೂ ಮೇಲಿನ ಭಾಗಕ್ಕೂ ನಡುವೆ ಕೂದಲೆಳೆಯಷ್ಟು ಬಿರುಕು. ವಾರದಲ್ಲಿ ಅದರೊಳಗೆ ಉಗುರು ಹೋಗುವಷ್ಟಾಯಿತು. ಇನ್ನೊಂದು ವಾರಕ್ಕೆ ಟಕ್ ಅಂತ ಸದ್ದು ಬಂದು ಸ್ಕ್ರೀನಿನ ಮೂಲೆಯೇ ಕಿತ್ತುಕೊಂಡಿತು. ಬಿದ್ದಿಲ್ಲ, ಯಾರೂ ಮೇಲೆ ಕೂತಿಲ್ಲ. ಸುಮ್ನೆ ತೆರೆದೆ, ಅಷ್ಟೇ.

ಸರ್ವಿಸ್ ಸೆಂಟರ್‌ಗೆ ಒಯ್ದೆ. ವಾರಂಟಿ ಇನ್ನೂ ನಾಲ್ಕು ತಿಂಗಳಿತ್ತು. ಕೌಂಟರ್‌ನಲ್ಲಿದ್ದವರು ಲ್ಯಾಪ್‌ಟಾಪನ್ನು ಎರಡು ಸಲ ತಿರುಗಿಸಿ ನೋಡಿ, ‘ಇದು ಫಿಸಿಕಲ್ ಡ್ಯಾಮೇಜ್, ವಾರಂಟಿಗೆ ಬರಲ್ಲ’ ಅಂದುಬಿಟ್ಟರು. ನಾನು ಬೀಳಿಸಿಲ್ಲ ಅಂದರೆ, ‘ಮೇಡಂ, ಬಿದ್ದಿದೆ ಅಂತ ನಾವು ಹೇಳ್ತಾ ಇಲ್ಲ, ಮುರಿದಿದೆ ಅಂತ ಹೇಳ್ತಾ ಇದ್ದೀವಿ’ ಅಂದರು. ಇದಕ್ಕೆ ಏನು ಉತ್ತರ ಕೊಡುವುದು? ಕೀಬೋರ್ಡ್ ಇರುವ ಇಡೀ ಮೇಲ್ಭಾಗ, ಸ್ಕ್ರೀನಿನ ಹಿಂಬದಿ, ಎರಡೂ ಹಿಂಜ್ ಬದಲಾಯಿಸಬೇಕಂತೆ. ಅವರು ಹೇಳಿದ ಖರ್ಚು ನಾನು ಕೊಂಡ ಬೆಲೆಯ ಮೂರನೇ ಒಂದು ಭಾಗ. ವಾಪಸ್ ತಂದು ಕ್ಲಿಪ್ ಹಾಕಿದೆ. ಕೋಪಕ್ಕೆ ಐದು ತಿಂಗಳು ಹಾಗೇ ಬಿಟ್ಟೆ.

ಕೊನೆಗೆ ರಿಪೇರಿ ಮಾಡಿದ್ದು ಒಬ್ಬ ಹುಡುಗ. ಬಿಚ್ಚಿ ತೋರಿಸಿದ. ಹಿಂಜ್ ಅನ್ನುವುದು ಗಟ್ಟಿ ಉಕ್ಕಿನ ಪಟ್ಟಿ, ಅದಕ್ಕೆ ಏನೂ ಆಗಿರಲಿಲ್ಲ. ಅದನ್ನು ಹಿಡಿದಿಡುವ ಸ್ಕ್ರೂಗಳು ಹೋಗಿ ಕೂರುವುದು ಕಡಲೆಕಾಳಿಗಿಂತ ಸಣ್ಣ ಹಿತ್ತಾಳೆ ನಟ್ಟುಗಳಲ್ಲಿ. ಆ ನಟ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಸಿ ಮಾಡಿ ಹುದುಗಿಸಿರುತ್ತಾರೆ. ಹಿಂಜ್ ಬಿಗಿಯಾದಂತೆ ನಾವು ಹಾಕುವ ಬಲವೆಲ್ಲ ಆ ಪ್ಲಾಸ್ಟಿಕ್ ಮೇಲೆ. ಮೂರರಲ್ಲಿ ಎರಡು ನಟ್ಟು ಪ್ಲಾಸ್ಟಿಕ್ಕಿನ ಸಮೇತ ಕಿತ್ತು ಬಂದು ಸ್ಕ್ರೂಗೆ ನೇತಾಡುತ್ತಿದ್ದವು. ಹಲ್ಲು ಬೇರು ಸಮೇತ ಬಂದ ಹಾಗೆ. ಸ್ಕ್ರೀನಿಗೆ ಹೋಗುವ ವೈರೂ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಅದೂ ತುಂಡಾಗುತ್ತಿತ್ತು ಅಂದ. ನನ್ನ ಕೋಪದ ಬೆಲೆ ಆವಾಗ ಗೊತ್ತಾಯಿತು.

‘ಅಕ್ಕಾ, ಬಲಮೂಲೆ ಹಿಡ್ಕೊಂಡು ತೆಗೀತೀರಾ ಅಲ್ವಾ?’ ಅಂತ ಕೇಳಿದ.

ಹೌದು. ಎಡಗೈಯಲ್ಲಿ ಫೋನೋ ಪುಸ್ತಕವೋ ಇರುತ್ತದೆ. ಬಲಗೈ ಬೆರಳು ಬಲಮೂಲೆಗೇ ಹೋಗುತ್ತದೆ. ಒಂದು ಮೂಲೆ ಎತ್ತಿದಾಗ ಸ್ಕ್ರೀನು ತಿರುಚಿಕೊಳ್ಳುತ್ತದೆ, ಎರಡು ಹಿಂಜ್‌ಗೂ ಸಮನಾಗಿ ಬಲ ಬೀಳುವುದಿಲ್ಲ. ಕಂಪನಿಯವರ ಪರೀಕ್ಷೆಯಲ್ಲಿ ಯಂತ್ರ ಸಾವಿರಾರು ಸಲ ತೆರೆದು ಮುಚ್ಚುತ್ತದಲ್ಲ, ಆ ಯಂತ್ರದ ಇನ್ನೊಂದು ಕೈಯಲ್ಲಿ ಫೋನ್ ಇರುವುದಿಲ್ಲ. ಹುಡುಗ ನಟ್ಟುಗಳನ್ನು ಅಂಟು ಹಾಕಿ ಕೂರಿಸಿ, ಹಿಂಜ್‌ನ ತಿರುಪನ್ನು ಅರ್ಧ ಸುತ್ತು ಸಡಿಲ ಮಾಡಿಕೊಟ್ಟ. ಖರ್ಚು ಸರ್ವಿಸ್ ಸೆಂಟರ್ ಹೇಳಿದ್ದರ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಈಗ ಮಗಳ ಲ್ಯಾಪ್‌ಟಾಪ್. ಅವಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ತ್ರೀಡಿ ಮಾಡೆಲ್, ರೆಂಡರಿಂಗ್ ಅದೂ ಇದೂ. ಅವಳಿಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಗುವುದೇ ಇಲ್ಲ, ಹಾಗಾಗಿ ಗೇಮಿಂಗ್ ಲ್ಯಾಪ್‌ಟಾಪ್. ಇಲ್ಲಿ ನನಗೆ ಸಿಟ್ಟು ತರಿಸಿದ್ದು ಹೆಸರಿನ ಆಟ. ತೆಳ್ಳಗಿನ ಲ್ಯಾಪ್‌ಟಾಪ್ ಮೇಲೂ ದಪ್ಪನೆಯದರ ಮೇಲೂ ಆರ್‌ಟಿಎಕ್ಸ್ 4060 ಅಂತ ಒಂದೇ ಗ್ರಾಫಿಕ್ಸ್ ಚಿಪ್ಪಿನ ಹೆಸರು ಬರೆದಿರುತ್ತದೆ. ಆದರೆ ಲ್ಯಾಪ್‌ಟಾಪ್‌ಗೆ ಬರುವ ಆ ಚಿಪ್ಪಿಗೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಕರೆಂಟ್ ಕೊಡಬೇಕು ಅನ್ನುವುದು ಲ್ಯಾಪ್‌ಟಾಪ್ ಮಾಡಿದವರ ಇಷ್ಟ. ತೆಳ್ಳಗಿರುವುದರಲ್ಲಿ ಕಡಿಮೆ ಕೊಟ್ಟಿರುತ್ತಾರೆ, ಯಾಕೆಂದರೆ ಬಿಸಿ ಹೊರಗೆ ಹೋಗಲು ಜಾಗ ಇಲ್ಲ. ಹೆಸರು ಒಂದೇ, ಕೆಲಸ ಬೇರೆ. ಆ ವ್ಯಾಟ್ ಸಂಖ್ಯೆ ಡಬ್ಬದ ಮೇಲೆ ಕಾಣಲಿಲ್ಲ, ಕಂಪನಿಯ ಪೇಜಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹುಡುಕಿದ್ದು ಮಗಳೇ. ಅವಳು ದಪ್ಪನೆಯದನ್ನೇ ಆರಿಸಿದಳು. ಚಾರ್ಜರ್ ಇಟ್ಟಿಗೆಯಷ್ಟಿದೆ, ಬ್ಯಾಗು ಸೇರಿ ಮೂರು ಕೆ.ಜಿ. ದಾಟುತ್ತದೆ. ರೆಂಡರ್ ಹಾಕಿದರೆ ಪಕ್ಕದ ಕೋಣೆಯಲ್ಲಿ ಮಿಕ್ಸಿ ಹಾಕಿದ ಹಾಗೆ. ಪ್ಲಗ್ ತೆಗೆದರೆ ವೇಗ ಅರ್ಧಕ್ಕಿಳಿಯುತ್ತದೆ. ಅವಳಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಸ್ಲಿಮ್ ಲ್ಯಾಪ್‌ಟಾಪ್ ತಗೊಂಡು ಅಳುತ್ತಾ ಕೂತಿದ್ದು ನಾನಲ್ವಾ, ಅವಳಲ್ಲ.

ಮೂರನೆಯದು ನನ್ನದೇ, ಸೆಕೆಂಡ್ ಹ್ಯಾಂಡ್. ಯಾವುದೋ ಆಫೀಸಿನಲ್ಲಿ ದುಡಿದು ಬಂದದ್ದು. ನನ್ನ ಬಜೆಟ್ಟಿನಲ್ಲಿ ಹೊಸದಕ್ಕೆ ಅವಕಾಶವಿರಲಿಲ್ಲ, ಹೊಸದರ ಮೇಲೆ ನಂಬಿಕೆಯೂ ಉಳಿದಿರಲಿಲ್ಲ. ಆಫೀಸಿಗೆಂದೇ ಮಾಡುವ ಇಂಥ ಲ್ಯಾಪ್‌ಟಾಪ್‌ಗಳು ಕಪ್ಪಗೆ, ಪೆಟ್ಟಿಗೆಯ ಹಾಗೆ ಇರುತ್ತವೆ. ಯಾರೂ ನೋಡಿ ಚೆಂದ ಅನ್ನುವುದಿಲ್ಲ. ಕೊಳ್ಳುವಾಗ ಮೂರೇ ಮೂರು ವಿಷಯ ನೋಡಿದೆ. ಒಂದು, ಇಂಟೆಲ್ ಎಂಟನೇ ಜನರೇಷನ್ ಅಥವಾ ಅದರ ನಂತರದ್ದು ಇರಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಎಂಟನೇ ಜನರೇಷನ್‌ಗಿಂತ ಹಳೆಯ ಪ್ರಾಸೆಸರ್‌ಗಳನ್ನು ವಿಂಡೋಸ್ 11 ಹೆಚ್ಚುಕಡಿಮೆ ಸೇರಿಸಿಕೊಳ್ಳುವುದೇ ಇಲ್ಲ. ಎರಡು, ರ‍್ಯಾಮ್ ಬದಲಾಯಿಸಲು ಬರಬೇಕು. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, 8 ಜಿಬಿ ತಗೊಂಡರೆ ಸಾಯುವವರೆಗೂ 8 ಜಿಬಿ. ಇದರಲ್ಲಿ ಎರಡು ಸ್ಲಾಟ್ ಇದ್ದವು, ಎರಡನೆಯದಕ್ಕೆ ಆಮೇಲೆ ಒಂದು ತುಂಡು ಹಾಕಿಸಿದೆ. ಮೂರನೆಯದು ಏನು ಅಂತ ಹೇಳಬೇಕಾಗಿಲ್ಲ. ಮುಚ್ಚಿದ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಮಧ್ಯಕ್ಕೆ ಒಂದು ಬೆರಳಿಟ್ಟು ಎತ್ತಿದೆ. ಕೆಳಗಿನ ಭಾಗ ಅಲುಗಲಿಲ್ಲ. ಬೇಕಂತಲೇ ಬಲಮೂಲೆ ಹಿಡಿದೂ ಎತ್ತಿದೆ. ಆಗಲೂ ಸ್ಕ್ರೀನು ತಿರುಚಲಿಲ್ಲ. ಪೂರ್ತಿ ಹಿಂದಕ್ಕೆ ಬಗ್ಗಿಸಿದರೆ ಪುಸ್ತಕದ ಹಾಗೆ ಚಪ್ಪಟೆ ಮಲಗಿತು. ಮಾರುವವರು ‘ಪ್ರಾಸೆಸರ್ ನೋಡಲ್ವಾ?’ ಅಂದರು.

ಕೀಬೋರ್ಡಿನ ಬಗ್ಗೆ ಹೇಳದಿದ್ದರೆ ಊಟ ಸೇರಲ್ಲ. ನಾನು ಬಳಸುವುದು ಕ-ಗ-ಪ ವಿನ್ಯಾಸ, ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲಿ ಇರುವುದು. ಅದರಲ್ಲಿ ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಕೀ ಒತ್ತಬೇಕು. ಅಮ್ಮ ಅಂತ ಬರೆಯಲೂ ಎರಡು ಮ ನಡುವೆ ಒಂದು ಎಫ್. ಕನ್ನಡದಲ್ಲಿ ಒತ್ತಿಲ್ಲದ ವಾಕ್ಯ ಎಲ್ಲಿದೆ? ಹಾಗಾಗಿ ನನ್ನ ಎಡಗೈ ತೋರುಬೆರಳಿನ ಹಣೆಬರಹವೇ ಎಫ್. ಹಳೇ ಸ್ಲಿಮ್ ಲ್ಯಾಪ್‌ಟಾಪ್‌ನಲ್ಲಿ ಕೀಗಳು ಒಳಗೆ ಹೋಗುತ್ತಿದ್ದುದು ಕಷ್ಟಪಟ್ಟು ಒಂದು ಮಿಲಿಮೀಟರ್. ಬೆರಳು ಒತ್ತಿತೋ ಇಲ್ಲವೋ ಅನುಮಾನ, ‘ಅಮಮ’ ಅಂತ ಬಿದ್ದಿರುತ್ತಿತ್ತು. ಎಫ್ ಮೇಲಿನ ಸಣ್ಣ ಗೀಟು ಎರಡೇ ವರ್ಷಕ್ಕೆ ಸವೆದು ಹೋಯಿತು. ಈ ಹಳೇ ಆಫೀಸು ಪೆಟ್ಟಿಗೆಯಲ್ಲಿ ಕೀಗಳು ಸುಮಾರು 1.8 ಮಿಲಿಮೀಟರ್ ಇಳಿಯುತ್ತವೆ. ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ. ಸಂಜೆ ಹೊತ್ತಿಗೆ ಬೆರಳ ತುದಿ ಉರಿಯುವುದು ನಿಂತಿದೆ. ಇದಕ್ಕೊಂದಕ್ಕೇ ನಾನು ಇದಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಅರ್ಧ ಕಳೆದದ್ದು ಸ್ಕ್ರೀನಿಗೆ. ಅದರ ಬೆಳಕು 250 ನಿಟ್ಸ್ ಮಾತ್ರ. ಕಿಟಕಿ ಪಕ್ಕ ಕೂತರೆ ಒಂಬತ್ತು ಗಂಟೆ ನಂತರ ನನ್ನ ಮುಖವೇ ಕಾಣುತ್ತದೆ. ಮೇಜನ್ನು ಗೋಡೆ ಕಡೆಗೆ ತಿರುಗಿಸಬೇಕಾಯಿತು. ಬ್ಯಾಟರಿಯೂ ಸೋತಿತ್ತು. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು, ಹೊಸದರಲ್ಲಿ ಎಷ್ಟಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ ಎರಡು ಸಂಖ್ಯೆ ಕೊಡುತ್ತದೆ. ನನ್ನದು ಅರ್ಧಕ್ಕೂ ಕೆಳಗಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಅಲ್ಲೇ ನಿಂತು ಆ ರಿಪೋರ್ಟ್ ತೆಗೆಸಿ. ನಾನು ಹಿಂಜ್ ಎತ್ತಿ ಖುಷಿಪಡುವುದರಲ್ಲಿ ಅದನ್ನು ಮರೆತೆ. ಹೊಸ ಬ್ಯಾಟರಿ ಹಾಕಿಸಿದ್ದು ಬೇರೆ ಖರ್ಚು.

ಹಾಗಾದರೆ ಆ ಸ್ಲಿಮ್ ಲ್ಯಾಪ್‌ಟಾಪ್? ಅಂಟು ಹಾಕಿದ್ದನ್ನು ಮಾರಲು ಮನಸ್ಸು ಬರಲಿಲ್ಲ, ಕೊಳ್ಳುವವರೂ ಸಿಗಲಿಲ್ಲ. ಮಾವ ಅವರ ಮೇಜಿನ ಮೇಲೆ ಇಟ್ಟೆ. ಅವರಿಗೆ ಪೇಪರ್ ಓದಬೇಕು, ಚೆಸ್ ಆಡಬೇಕು, ಭಾನುವಾರ ದೂರದಲ್ಲಿರುವ ಮೊಮ್ಮಗನ ಜೊತೆ ವಿಡಿಯೊದಲ್ಲಿ ಮಾತಾಡಬೇಕು. ಅಕ್ಷರ 150 ಪರ್ಸೆಂಟ್ ದೊಡ್ಡದು ಮಾಡಿಕೊಟ್ಟೆ. ಸದಾ ಪ್ಲಗ್‌ನಲ್ಲೇ ಇರುವುದರಿಂದ ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲುವ ಹಾಗೆ ಮಾಡಿದೆ, ಸದಾ ನೂರರಲ್ಲೇ ಇದ್ದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ. ‘ಮಾವ, ಇದನ್ನು ಮುಚ್ಚಲೇಬೇಡಿ’ ಅಂತ ಮಾತ್ರ ಹೇಳಿದ್ದೆ.

ಅವರು ಮುಚ್ಚಿಲ್ಲ. ರಾತ್ರಿ ಮಲಗುವ ಮುಂಚೆ ಸ್ಕ್ರೀನಿನ ಮೇಲಿಂದ ಒಂದು ತೆಳು ಬಿಳಿ ಪಂಚೆ ಇಳಿಬಿಡುತ್ತಾರೆ, ಬೆಳಿಗ್ಗೆ ಮಡಚಿ ಕುರ್ಚಿ ಮೇಲೆ ಹಾಕುತ್ತಾರೆ. ಹತ್ತು ತಿಂಗಳಾಯಿತು. ಬಿರುಕು ಇದ್ದಲ್ಲೇ ಇದೆ, ಒಂದು ಎಳೆ ಜಾಸ್ತಿಯಾಗಿಲ್ಲ. ಸ್ಕ್ರೀನು ನನ್ನದಕ್ಕಿಂತ ಎಷ್ಟೋ ಬೆಳಕು. ಫ್ಯಾನ್ ಇದೆ ಅಂತಲೇ ಗೊತ್ತಾಗುವುದಿಲ್ಲ. ದಿನಕ್ಕೆ ನೂರು ಅಕ್ಷರವೂ ಟೈಪ್ ಮಾಡದವರಿಗೆ ಕೀಬೋರ್ಡ್ ಹೇಗಿದ್ದರೇನು? ‘ಇಷ್ಟು ಒಳ್ಳೇದನ್ನ ಯಾಕಮ್ಮ ನಂಗೆ ಕೊಟ್ಟೆ, ನೀನೇ ಇಟ್ಕೋಬಾರ್ದಿತ್ತಾ’ ಅನ್ನುತ್ತಾರೆ. ಐದಕ್ಕೆ ಎರಡು ಅಂತ ಬರೆದಿಟ್ಟಿದ್ದೆ. ಮಾವನ ಲೆಕ್ಕದಲ್ಲಿ ನಾಲ್ಕು ಅಂತ ತಿದ್ದಿದ್ದೇನೆ. ನನ್ನ ಹಾಗೆ ದಿನಕ್ಕೆ ಹತ್ತು ಸಲ ಎದ್ದು ಕೂರುವವರಿಗೆ ಎರಡೇ.

ಕ್ಲಿಪ್ ವಾಪಸ್ ಹಗ್ಗಕ್ಕೆ ಹೋಗಿದೆ. ಐದು ತಿಂಗಳು ಬಾಯಿ ಬಿಟ್ಟುಕೊಂಡೇ ಇದ್ದದ್ದಕ್ಕೆ ಅದರ ಸ್ಪ್ರಿಂಗ್ ಸಡಿಲವಾಗಿದೆ. ಈಗ ಕರವಸ್ತ್ರ ಬಿಟ್ಟು ಬೇರೇನೂ ಹಿಡಿಯಲ್ಲ.