ವಾರದ ಪಾಠವೋ, ದಿನದ ರೂಢಿಯೋ?

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮನಸ್ಸಿನ ಗಟ್ಟಿತನ ಕಲಿಸಲು ವಾರಕ್ಕೊಂದು ಪಾಠ ಇಡಬೇಕೋ, ದಿನದ ತರಗತಿಯಲ್ಲೇ ಬೆರೆಸಬೇಕೋ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ದಿನದ ರೂಢಿಯೇ ಹಗುರ. ವಾರದ ಪಾಠಕ್ಕೆ ಪುಸ್ತಕ, ತರಬೇತಿ, ವೇಳಾಪಟ್ಟಿಯಲ್ಲಿ ಜಾಗ ಎಲ್ಲ ಬೇಕು.

ಆದರೆ ಪಾಠಕ್ಕೊಂದು ಕ್ರಮ ಇರುತ್ತದೆ, ಅದು ಸಣ್ಣ ಮಾತಲ್ಲ. ಸಂಶೋಧಕ ಡರ್ಲಾಕ್ ಮತ್ತು ಸಂಗಡಿಗರು, ಭಾವನೆ ಮತ್ತು ಒಡನಾಟದ ಕೌಶಲ ಕಲಿಸುವ 213 ಶಾಲಾ ಕಾರ್ಯಕ್ರಮಗಳನ್ನು ಒಟ್ಟಿಗೆ ಪರಿಶೀಲಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಹೆಜ್ಜೆ ಹೆಜ್ಜೆಯಾಗಿ, ಚಟುವಟಿಕೆಯ ಮೂಲಕ ಕಲಿಸಿದ ಕಡೆ ಫಲ ಜಾಸ್ತಿ ಇತ್ತು. ತರಗತಿಯ ಶಿಕ್ಷಕರೇ ನಡೆಸಿದರೂ ಗುಣ ಕಂಡಿತ್ತು.

ಕಲಿತದ್ದು ಕಷ್ಟದ ಹೊತ್ತಿಗೆ ಒದಗುವ ವಿಷಯದಲ್ಲಿ ನನ್ನ ಒಲವು ದಿನದ ರೂಢಿಯ ಕಡೆಗೆ. ಲೆಕ್ಕ ತಪ್ಪಿತೆಂದು ಹುಡುಗಿಯೊಬ್ಬಳು ಹಾಳೆ ಹರಿದು ಹಾಕಿದಳು ಅಂದುಕೊಳ್ಳಿ. ಸುಮ್ನೆ ‘ಅಳಬೇಡ’ ಅಂದರೆ ಏನೂ ಆಗದು. ‘ಸಿಟ್ಟು ಬಂತು, ಅಲ್ವಾ? ಎಲ್ಲಿವರೆಗೆ ಸರಿ ಬಂದಿತ್ತು, ತೋರಿಸು’ ಅಂದರೆ ಅವಳಿಗೆ ತನ್ನ ಸಂಕಟಕ್ಕೊಂದು ಹೆಸರು ಸಿಗುತ್ತದೆ, ಮತ್ತೆ ಪೆನ್ಸಿಲ್ ಹಿಡಿಯಲು ದಾರಿಯೂ ಸಿಗುತ್ತದೆ. ಕಿಕ್ಕಿರಿದ ತರಗತಿಯಲ್ಲಿ ಇಷ್ಟು ಗಮನ ಕೊಡುವುದು ಕಷ್ಟ.

ಶಿಕ್ಷಕರು ಪದೇ ಪದೇ ಬದಲಾಗುವ ಕಡೆ ವಾರದ ಪಾಠ ಹಿಡಿಯಿರಿ. ಒಬ್ಬರೇ ಶಿಕ್ಷಕರು ವರ್ಷಪೂರ್ತಿ ಇರುವ ಚಿಕ್ಕ ತರಗತಿಗೆ ದಿನದ ರೂಢಿ ಒಪ್ಪುತ್ತದೆ. ದೊಡ್ಡ ಆಘಾತ ಕಂಡ ಮಗುವಿಗೆ ಇವೆರಡೂ ಸಾಲದು, ಆಪ್ತಸಮಾಲೋಚಕರ ಹತ್ತಿರ ಕರೆದೊಯ್ಯಿರಿ.